ಎಸ್‌ಎಫ್-86ರ 23ನೆಯ ವಿಭಾಗ ಮತ್ತು ನಮ್ಮ ಮಕ್ಕಳು

ಅಮೆರಿಕದಲ್ಲಿ ಹುಟ್ಟಿ ಬೆಳೆದ ಕನ್ನಡಿಗರ ಮಕ್ಕಳು ಅಲ್ಲಿನ ರಕ್ಷಣಾ ಕಂಪನಿಗಳಿಗೂ ಸರ್ಕಾರಿ ಇಲಾಖೆಗಳಿಗೂ ಅರ್ಜಿ ಹಾಕುತ್ತಾರೆ. ಅಂಥ ಹಲವು ಹುದ್ದೆಗಳಿಗೆ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ರಹಸ್ಯ ಮಾಹಿತಿಯನ್ನು ನೋಡಲು ಸರ್ಕಾರ ಕೊಡುವ ಅನುಮತಿ, ಬೇಕು. ಅದಕ್ಕಾಗಿ ತುಂಬಬೇಕಾದ ಎಸ್‌ಎಫ್-86 ಎಂಬ ಸುದೀರ್ಘ ನಮೂನೆಯ 23ನೆಯ ವಿಭಾಗವು, ಕಳೆದ 7 ವರ್ಷಗಳಲ್ಲಿ ಕಾನೂನುಬಾಹಿರವಾಗಿ ಮಾದಕ ವಸ್ತು ಬಳಸಿದ್ದೀರಾ ಎಂದು ನೇರವಾಗಿ ಕೇಳುತ್ತದೆ. "ಕಾಲೇಜಿನಲ್ಲಿ ಒಂದೆರಡು ಸಲ ಸೇದಿದ್ದನ್ನು ಯಾರು ಕಂಡಿದ್ದಾರೆ, ಇಲ್ಲ ಅಂತ ಬರೆದುಬಿಡು ಮಗಾ" ಎಂದು ಮನೆಯ ಹಿರಿಯರು ಹೇಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಮಕ್ಕಳ ಮೇಲಿನ ಅಕ್ಕರೆಯಿಂದಲೇ ಬರುವ ಈ ಸಲಹೆ, ಅವರು ಎಂದೋ ಸೇದಿದ ಗಾಂಜಾಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ.

2017ರ ಜೂನ್‌ನಿಂದ ಜಾರಿಯಲ್ಲಿರುವ, ಕ್ಲಿಯರೆನ್ಸ್ ಕುರಿತ ಸರ್ಕಾರಿ ನಿರ್ದೇಶನದಲ್ಲಿ ಅರ್ಹತೆಯನ್ನು ಅಳೆಯುವ 13 ಮಾನದಂಡಗಳಿವೆ. ಮಾದಕ ವಸ್ತುವಿಗೆ ಸಂಬಂಧಿಸಿದ 'ಎಚ್' ಮಾನದಂಡವು ಮನುಷ್ಯ ಬದಲಾಗಬಲ್ಲನೆಂಬುದನ್ನು ಒಪ್ಪುತ್ತದೆ: ಬಳಕೆ ಹಳೆಯದೇ, ಅಪರೂಪದ್ದೇ, ಆ ಸಹವಾಸ ಬಿಟ್ಟಾಗಿದೆಯೇ, ಮುಂದೆ ಮುಟ್ಟಿದರೆ ಕ್ಲಿಯರೆನ್ಸ್ ರದ್ದಾಗಲಿ ಎಂದು ಸಹಿ ಹಾಕಿಕೊಡಲು ಅರ್ಜಿದಾರರು ಸಿದ್ಧರಿದ್ದಾರೆಯೇ ಎಂಬುದನ್ನೆಲ್ಲ ಅದು ಪರಿಗಣಿಸುತ್ತದೆ. ಆದರೆ ಬೇಕೆಂದೇ ಮುಚ್ಚಿಟ್ಟ ಸಂಗತಿ ವೈಯಕ್ತಿಕ ನಡತೆಯ 'ಇ' ಮಾನದಂಡದಡಿ ಬೇರೆಯೇ ಆರೋಪವಾಗುತ್ತದೆ. ಸೇದಿದ್ದು ಹತ್ತೊಂಬತ್ತರ ವಯಸ್ಸಿನಲ್ಲಾದರೂ ಸುಳ್ಳು ಹೇಳಿದ್ದು ಇವತ್ತು, ಅದೂ ಸಹಿ ಸಮೇತ. ಕಾಲ ಕಳೆದಿದೆ ಎಂಬ ಸಮಾಧಾನ ಅದಕ್ಕೆ ಸಿಗುವುದಿಲ್ಲ.

ಯಾರೂ ಕಂಡಿಲ್ಲ ಎಂಬ ಲೆಕ್ಕಾಚಾರವೂ ತಪ್ಪು. ತನಿಖಾಧಿಕಾರಿಗಳು ಹಳೆಯ ರೂಮ್‌ಮೇಟ್‌ಗಳನ್ನೂ ನೆರೆಹೊರೆಯವರನ್ನೂ ಮಾತನಾಡಿಸುತ್ತಾರೆ, ಕೆಲವು ಸಂಸ್ಥೆಗಳು ಪಾಲಿಗ್ರಾಫ್ (ಸುಳ್ಳು ಪತ್ತೆ) ಪರೀಕ್ಷೆಯನ್ನೂ ನಡೆಸುತ್ತವೆ. 23ನೆಯ ವಿಭಾಗದಲ್ಲಿ ಕೊಟ್ಟ ಸತ್ಯವಾದ ಉತ್ತರವನ್ನು ಮುಂದೆ ಕ್ರಿಮಿನಲ್ ಮೊಕದ್ದಮೆಯಲ್ಲಿ ನಿಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸುವುದಿಲ್ಲ ಎಂದು ಆ ವಿಭಾಗವೇ ಭರವಸೆ ಕೊಡುತ್ತದೆ. ಉದ್ದೇಶಪೂರ್ವಕ ಸುಳ್ಳಿಗೆ ಮಾತ್ರ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನಿನಲ್ಲಿ 5 ವರ್ಷಗಳವರೆಗೆ ಜೈಲು ಶಿಕ್ಷೆಯಾಗಬಹುದು.

ಗಾಂಜಾದ ವಿಷಯದಲ್ಲಿ ಯುವಕರ ಗೊಂದಲ ನನಗೆ ಅರ್ಥವಾಗುತ್ತದೆ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಅಂಗಡಿಯಲ್ಲೇ ಸಿಗುವ ವಸ್ತುವನ್ನು ಫೆಡರಲ್ ಕಾನೂನು ಒಪ್ಪುವುದಿಲ್ಲ, ಕ್ಲಿಯರೆನ್ಸ್‌ಗೆ ಅನ್ವಯಿಸುವುದು ಆ ಕಾನೂನೇ. ಈ ಇಬ್ಬಂದಿತನ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಹಿಂದೆ ಮೋಜಿಗಾಗಿ ಗಾಂಜಾ ಬಳಸಿದ್ದೊಂದೇ ನಿರ್ಣಾಯಕವಾಗಬಾರದು ಎಂದು 2021ರ ಡಿಸೆಂಬರ್‌ನಲ್ಲಿ ಆಗಿನ ರಾಷ್ಟ್ರೀಯ ಗುಪ್ತಚರ ನಿರ್ದೇಶಕಿ ಅವ್ರಿಲ್ ಹೇನ್ಸ್ ಸೂಚಿಸಿದ್ದು ಸರಿಯಾದ ಹೆಜ್ಜೆ. ಕ್ಲಿಯರೆನ್ಸ್ ಸಿಕ್ಕ ಮೇಲೂ ಸೇದುವವರಿಗೆ ಆ ರಿಯಾಯಿತಿಯಿಲ್ಲ, ಇರಲೂ ಬಾರದು.

ಸುಳ್ಳಿನ ಬಗೆಗಿನ ಬಿಗಿ ನಿಲುವನ್ನು ಮಾತ್ರ ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1988ರ ಈಗನ್ ಪ್ರಕರಣದಲ್ಲಿ ಹೇಳಿತು. ಅನುಮಾನ ಉಳಿದರೆ ತೀರ್ಮಾನ ಅರ್ಜಿದಾರರ ವಿರುದ್ಧವಾಗುತ್ತದೆ. ರಹಸ್ಯ ಕಡತಗಳನ್ನು ನೋಡಿಕೊಳ್ಳುವವರು ತಮ್ಮ ಲೋಪವನ್ನು ತಾವಾಗಿಯೇ ವರದಿ ಮಾಡಬೇಕಾದ ಸಂದರ್ಭ ಬಂದೇ ಬರುತ್ತದೆ, ಅರ್ಜಿಯಲ್ಲೇ ಮುಚ್ಚಿಟ್ಟವರನ್ನು ಆಗ ನಂಬುವುದು ಹೇಗೆ?

ಈಗಾಗಲೇ 'ಇಲ್ಲ' ಎಂದು ಬರೆದು ಕಳಿಸಿದವರಿಗೂ ದಾರಿ ಮುಚ್ಚಿಲ್ಲ. ಅಧಿಕಾರಿ ಪುರಾವೆ ಮುಂದಿಟ್ಟು ಕೇಳುವ ಮೊದಲೇ, ತಡಮಾಡದೆ ತಾವಾಗಿಯೇ ತಿದ್ದಿಕೊಂಡರೆ 'ಇ' ಮಾನದಂಡ ಅದನ್ನು ಅವರ ಪರವಾಗಿ ಪರಿಗಣಿಸುತ್ತದೆ. ಹಿರಿಯರು ಮಕ್ಕಳಿಗೆ ಸಲಹೆ ಕೊಡಲೇಬೇಕೆಂದಿದ್ದರೆ, ಸಂದರ್ಶನದ ದಿನಕ್ಕೆ ಕಾಯದೆ ಈ ವಾರವೇ ಆ ವಿಷಯ ಬಲ್ಲ ವಕೀಲರನ್ನು ಕಂಡು ತಿದ್ದುಪಡಿ ಕೊಡಲು ಹೇಳಲಿ.