'ಎಷ್ಟು ಎಚ್‌ಪಿ?'

ಅಮೆರಿಕದಿಂದ ಊರಿನ ವಾಟ್ಸಾಪ್ ಗುಂಪಿಗೆ ಒಂದು ಪುಟ್ಟ ಕಿತ್ತಳೆ ಬಣ್ಣದ ಟ್ರ್ಯಾಕ್ಟರಿನ ಚಿತ್ರ ಹೋದರೆ ಸಾಕು, ಹತ್ತು ನಿಮಿಷದಲ್ಲಿ ಪ್ರಶ್ನೆ ಹಾಜರ್: "ಎಷ್ಟು ಎಚ್‌ಪಿ?" ಎಂಜಿನ್ನಿನ ಅಶ್ವಶಕ್ತಿಯ ಲೆಕ್ಕ ಅದು. 23 ಅಂದರೆ ಒಂದು ನಗುಮುಖ. ಮುಂದೆ ಮಣ್ಣು ಎತ್ತುವ ಬಕೆಟ್ಟಿನ ತೋಳು, ಅಂದರೆ ಲೋಡರ್, ಸೇರಿ 20,000 ಡಾಲರಿನ ಆಸುಪಾಸು ಅಂದರೆ ಸಾಲು ಸಾಲು ನಗುಮುಖ. ಕೊನೆಗೆ ಶಿಕಾರಿಪುರದ ಭಾವನ ದನಿ: "ಅಷ್ಟ್ ದುಡ್ಡಿಗೆ ಇಲ್ಲಿ 45ರ ಗಾಡಿ ಎರಡು ಬರ್ತಾವಲ್ಲೋ, ಮಕ್ಕಳಿಗೆ ಆಟಿಕೆ ತಗಂಡ್ಯಾ?"

ಭಾವನ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಪ್ರಶ್ನೆಯಲ್ಲಿ.

ನಾರ್ತ್ ಕ್ಯಾರೊಲಿನಾದ ಈ ಭಾಗದಲ್ಲಿ, ರಾಜಧಾನಿ ರ‍್ಯಾಲಿಯಿಂದ ಪಶ್ಚಿಮಕ್ಕೆ, ಮಣ್ಣು ನಮ್ಮ ಮಲೆನಾಡಿನಷ್ಟೇ ಕೆಂಪು. ಮಳೆ ಬಿದ್ದರೆ ಅಂಟು, ನಾಲ್ಕು ದಿನ ಬಿಸಿಲು ಹೊಡೆದರೆ ಇಟ್ಟಿಗೆ. ಐದೆಕರೆ ಜಾಗ, ರಸ್ತೆಯಿಂದ ಮನೆಯವರೆಗೆ ಜಲ್ಲಿ ಹಾಸಿದ ದಾರಿ, ಒಂದಿಷ್ಟು ಹುಲ್ಲು, ಒಂದಿಷ್ಟು ಕಾಡು, ತರಕಾರಿ ಮಡಿ. ಇಂಥ ಜಾಗಕ್ಕೆ ಟ್ರ್ಯಾಕ್ಟರ್ ಕೇಳಿಕೊಂಡು ಹೋದರೆ ಒಳ್ಳೆಯ ಮಾರಾಟಗಾರ ಎಚ್‌ಪಿಯ ಮಾತೇ ಎತ್ತುವುದಿಲ್ಲ. ಗೇಟು ಎಷ್ಟು ಅಗಲ? ಎತ್ತಬೇಕಾದ ಅತಿ ಭಾರದ ವಸ್ತು ಯಾವುದು? ಇಳಿಜಾರು ಇದೆಯಾ? ವಾರಕ್ಕೆ ಎಷ್ಟು ಹುಲ್ಲು ಕತ್ತರಿಸಬೇಕು? ಕೆಲಸ ಬರೀ ಹುಲ್ಲಿನದು, ಜಾಗವೂ ಎರಡೆಕರೆಯ ಒಳಗೆ ಅಂದರೆ, ಟ್ರ್ಯಾಕ್ಟರ್ ಬೇಡ, ನಿಂತಲ್ಲೇ ತಿರುಗುವ ಹುಲ್ಲು ಕತ್ತರಿಸುವ ಗಾಡಿ, ಜೀರೋ ಟರ್ನ್ ಮೋವರ್, ತಗೊಳ್ಳಿ, ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ ಅಂತ ಹೇಳಿ ಕಳಿಸುವವರೂ ಇದ್ದಾರೆ. ನಮ್ಮ ಕಡೆಯ ಶೋರೂಮಿನಲ್ಲಿ ಗಿರಾಕಿಯನ್ನು ಹಾಗೆ ವಾಪಸ್ ಕಳಿಸಿದ್ದನ್ನು ಕಂಡವರಿದ್ದರೆ ತಿಳಿಸಿ.

ಎಚ್‌ಪಿ ಯಾಕೆ ಮೊದಲ ಪ್ರಶ್ನೆ ಆಗಬಾರದು ಅನ್ನುವುದಕ್ಕೆ ಈ ದೇಶದ ಒಂದು ವಿಚಿತ್ರವೇ ಸಾಕ್ಷಿ. 19 ಕಿಲೋವ್ಯಾಟ್, ಅಂದರೆ ಸುಮಾರು 25 ಎಚ್‌ಪಿ, ದಾಟಿದ ಡೀಸೆಲ್ ಎಂಜಿನ್ನುಗಳಿಗೆ 2013ರಿಂದ ಹೊಗೆಯ ಮಸಿಯ ಮಿತಿ ಬಹಳ ಬಿಗಿ. ಆ ಗೆರೆ ದಾಟಿದ ಗಾಡಿಗಳಲ್ಲಿ ಸಾಮಾನ್ಯವಾಗಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಫಿಲ್ಟರ್ ಆಗಾಗ ಬಿಸಿಯೇರಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅರ್ಧ ಗಂಟೆ ನಿಧಾನಕ್ಕೆ ಓಡಿಸಿ ಶೆಡ್ಡಿಗೆ ಸೇರಿಸುವ ಮನೆಬಳಕೆಯಲ್ಲಿ ಅದು ಬಿಸಿಯೇ ಆಗದೆ ಕಟ್ಟಿಕೊಳ್ಳುತ್ತದೆ. ಅದಕ್ಕೇ ಗೆರೆಯ ಕೆಳಗೆ ದೊಡ್ಡ ಜಾತ್ರೆ. ಜಾನ್ ಡಿಯರ್ 1025ಆರ್ 24ರ ಆಸುಪಾಸು, ಕುಬೋಟ ಎಲ್2501 24.8. ಎಚ್‌ಪಿ ನೋಡಿದರೆ ಅಣ್ಣ ತಮ್ಮ. ತೂಕದಲ್ಲಿ ಎರಡನೆಯದು ಮೊದಲನೆಯದರ ಒಂದೂವರೆ ಪಟ್ಟಿಗೂ ಹೆಚ್ಚು. ಬೇರು ಕೀಳುವಾಗ, ಬಾಕ್ಸ್ ಬ್ಲೇಡ್ ಹಾಕಿ ಜಲ್ಲಿ ದಾರಿ ಕೆರೆಯುವಾಗ, ಒದ್ದೆ ಏರಿನಲ್ಲಿ ಹತ್ತುವಾಗ ಕೆಲಸ ಮಾಡುವುದು ಆ ತೂಕ. ಹಗುರ ಗಾಡಿಗೆ ಎಚ್‌ಪಿ ಎಷ್ಟಿದ್ದರೂ ಚಕ್ರ ಸುತ್ತುತ್ತದೆ, ಗಾಡಿ ನಿಂತಲ್ಲೇ. ಹಾಗಂತ ತೂಕದ್ದನ್ನೇ ಕೊಂಡು ನೆನೆದ ಹುಲ್ಲಿನ ಮೇಲೆ ತಿರುಗಿಸಿದರೆ ಅಂಗಳ ಗದ್ದೆಯಾಗುತ್ತದೆ.

ಇನ್ನು, ಎಂಜಿನ್ನಿನ 24 ಎಚ್‌ಪಿ ಪೂರ್ತಿ ಪಿಟಿಒ ತನಕ, ಅಂದರೆ ಹಿಂದೆ ಸಿಕ್ಕಿಸಿದ ಸಲಕರಣೆಯನ್ನು ತಿರುಗಿಸುವ ಶಾಫ್ಟಿನ ತನಕ, ಬರುವುದಿಲ್ಲ. ಸಣ್ಣ ಗಾಡಿಗಳಲ್ಲಿ ಅಲ್ಲಿ ಸಿಗುವುದು ಸುಮಾರು 18. ಕ್ಲಚ್ಚು ತುಳಿಯದೆ ಪೆಡಲಿನಲ್ಲೇ ಹಿಂದೆ ಮುಂದೆ ಹೋಗುವ ಹೈಡ್ರೋಸ್ಟ್ಯಾಟಿಕ್ ಗಾಡಿ ಗೇರಿನದಕ್ಕಿಂತ ತುಸು ಹೆಚ್ಚೇ ತಿನ್ನುತ್ತದೆ. ಪೊದೆ ಕತ್ತರಿಸುವ ರೋಟರಿ ಕಟರಿಗೆ, ಮಣ್ಣು ಪುಡಿ ಮಾಡುವ ಟಿಲ್ಲರಿಗೆ ಒಂದಡಿ ಅಗಲಕ್ಕೆ 5 ಪಿಟಿಒ ಎಚ್‌ಪಿ ಅನ್ನುವುದು ಇಲ್ಲಿಯ ರೂಢಿ ಲೆಕ್ಕ. 18ಕ್ಕೆ 4 ಅಡಿಯ ಕಟರೇ ಮೇಲ್ಮಿತಿ, ಅದೂ ದಟ್ಟ ಪೊದೆಯಲ್ಲಿ ಆಮೆಯ ನಡೆ. 5 ಅಡಿಯದು ಅಗ್ಗಕ್ಕೆ ಸಿಕ್ಕಿತು ಅಂತ ತಂದವರು ಪ್ರತಿ ಸುತ್ತಿಗೂ ಎಂಜಿನ್ ಉಸಿರು ಕಟ್ಟುವುದನ್ನು ನೋಡುತ್ತಾರೆ. ಟಿಲ್ಲರ್ ಮಾತ್ರ ಹಿಂದಿನ ಚಕ್ರಗಳ ಹೊರ ಅಂಚಿನಷ್ಟಾದರೂ ಅಗಲ ಇರಬೇಕು. ಇಲ್ಲದಿದ್ದರೆ ಉತ್ತ ಮಣ್ಣನ್ನು ಹಿಂದೆಯೇ ಚಕ್ರ ತುಳಿದು ಗಟ್ಟಿ ಮಾಡುತ್ತದೆ.

ಮುಂದಿನ ಲೋಡರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮೂರಿನ ಸಣ್ಣ ಟ್ರ್ಯಾಕ್ಟರುಗಳಲ್ಲಿ ಅದು ಕಾಣುವುದೇ ಅಪರೂಪ, ಇಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಅದರದೇ. ಈ ವರ್ಗದ ಗಾಡಿಗಳ ಕರಪತ್ರದಲ್ಲಿ 330-340 ಕೆಜಿ ಎತ್ತುತ್ತದೆ ಅಂತ ಇರುತ್ತದೆ. ಅದು ತೋಳಿನ ತುದಿಯ ಪಿನ್ನಿನಲ್ಲಿ ಅಳೆದದ್ದು. ಭಾರ ಕೂರುವುದು ಬಕೆಟ್ಟಿನ ಒಳಗೆ, ಪಿನ್ನಿನಿಂದ ಅರ್ಧ ಮೀಟರ್ ಮುಂದೆ. ಅಲ್ಲಿಗೆ ಹತ್ತಾರು ಕೆಜಿ ಸೋರಿಹೋಯಿತು. ಬಕೆಟ್ ಬಿಚ್ಚಿ, ಭಾರ ಎತ್ತುವ ಕಬ್ಬಿಣದ ಕವಲು, ಪ್ಯಾಲೆಟ್ ಫೋರ್ಕ್, ಹಾಕಿದರೆ ಫೋರ್ಕಿನ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸುಮಾರು 5 ಘನ ಅಡಿಯ ಅದೇ ಬಕೆಟ್ಟಿನಲ್ಲಿ ಗಿಡದ ಬುಡಕ್ಕೆ ಹಾಸುವ ಮರದ ಚೂರು, ಒಣ ಮಲ್ಚ್, ತುಂಬಿದರೆ 50 ಕೆಜಿ, ನೆನೆದ ಕೆಂಪು ಮಣ್ಣು ತುಂಬಿದರೆ 250. ಮೊದಲನೆಯದು ಆಟ. ಎರಡನೆಯದಕ್ಕೆ ಹಿಂದಿನ ಚಕ್ರ ನೆಲ ಬಿಡುತ್ತದೆ.

ಹಿಂದಿನ ಚಕ್ರ ನೆಲ ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಮೊದಲ ಬಾರಿ ಕೊಳ್ಳುವವರಿಗೆ ಯಾರಾದರೂ ಕೂರಿಸಿ ಹೇಳಬೇಕು. ಇಂಥ ಗಾಡಿಗಳಲ್ಲಿ ಬ್ರೇಕ್ ಇರುವುದು ಸಾಮಾನ್ಯವಾಗಿ ಹಿಂದಿನ ಆಕ್ಸಲಿಗೆ ಮಾತ್ರ. ಇಳಿಜಾರಿನಲ್ಲಿ ತುಂಬಿದ ಬಕೆಟ್ ಹೊತ್ತು ಇಳಿಯುವಾಗ ಹಿಂಭಾಗ ಹಗುರಾದರೆ ಬ್ರೇಕ್ ತುಳಿದಷ್ಟೂ ಗಾಡಿ ಜಾರುತ್ತದೆ. ಹಾಗಾಗಿ ಲೋಡರ್ ಕೆಲಸದಲ್ಲಿ ನಾಲ್ಕು ಚಕ್ರದ ಡ್ರೈವ್ ಹಾಕಿಯೇ ಇರಬೇಕು, ಆಗ ಮುಂದಿನ ಚಕ್ರಗಳೂ ಎಂಜಿನ್ನಿನ ಹಿಡಿತದಲ್ಲಿರುತ್ತವೆ. ಬಕೆಟ್ ಮೊಣಕಾಲ ಎತ್ತರಕ್ಕಿಂತ ಮೇಲೆ ಬೇಡ. ಹಿಂದೆ ಸಲಕರಣೆ ಸಿಕ್ಕಿಸುವ ತ್ರೀ-ಪಾಯಿಂಟ್ ಹಿಚ್ಚಿಗೆ 200-250 ಕೆಜಿಯ ತೂಕ ಬೇಕೇ ಬೇಕು: ಕಾಂಕ್ರೀಟು ತುಂಬಿದ ಪೆಟ್ಟಿಗೆಯಾದರೂ ಸರಿ, ರೋಟರಿ ಕಟರನ್ನೇ ಬಿಚ್ಚದೆ ಬಿಟ್ಟರೂ ಸರಿ. ಟೈರಿಗೆ ದ್ರವ ತುಂಬಿಸಿದ್ದೇನಲ್ಲ ಅನ್ನುವವರು ಒಂದನ್ನು ಮರೆಯುತ್ತಾರೆ. ಮುಕ್ಕಾಲು ತುಂಬಿಸಿದರೆ ಈ ಸಣ್ಣ ಚಕ್ರಕ್ಕೂ ಒಂದಿಷ್ಟು ತೂಕ ಕೂಡುತ್ತದೆ, ಗಾಡಿ ಗಟ್ಟಿ ನಿಲ್ಲುತ್ತದೆ, ನಿಜ. ಆದರೆ ಮುಂದಿನ ಆಕ್ಸಲಿನ ಭಾರ ಅದರಿಂದ ಇಳಿಯುವುದಿಲ್ಲ. ತಕ್ಕಡಿಯ ಹಾಗೆ ಮುಂದಿನ ಭಾರ ಎತ್ತಬೇಕಾದರೆ ತೂಕ ಹಿಂದಿನ ಆಕ್ಸಲಿಗಿಂತ ಹಿಂದೆ ತೂಗಬೇಕು. ಇದನ್ನು ಕಡೆಗಣಿಸಿದರೆ ಮೊದಲು ಸೋರುವುದು ಮುಂದಿನ ಆಕ್ಸಲಿನ ಸೀಲುಗಳು.

ಗೇರ್ ಸಾಕೋ, ಹೈಡ್ರೋಸ್ಟ್ಯಾಟಿಕ್ ಬೇಕೋ ಅನ್ನುವುದು ಲೋಡರ್ ಇದ್ದರೆ ಪ್ರಶ್ನೆಯೇ ಅಲ್ಲ. ಮಲ್ಚಿನ ರಾಶಿ ಸಾಗಿಸುವಾಗ ಗಂಟೆಗೆ ನೂರು ಸಲ ಹಿಂದೆ ಮುಂದೆ. ಪೆಡಲ್ ತುಳಿಯುವವನಿಗೆ ಅದು ಲೆಕ್ಕವಿಲ್ಲ, ಕ್ಲಚ್ಚು ತುಳಿಯುವವನ ಎಡಗಾಲು ಸಂಜೆಗೆ ಅವನದಾಗಿ ಇರುವುದಿಲ್ಲ. ಟೈರಿನದು ಎರಡು ಮಾತು: ಅಂಗಳದ ಹುಲ್ಲಿಗೆ ಆರ್3 ಅನ್ನುವ ಟೈರು, ಕೆಸರಿಗೆ ನಮ್ಮೂರಿನ ಹಾಗೆ ಆಳದ ಹಲ್ಲಿನ ಆರ್1. ಎಲ್ಲದಕ್ಕೂ ಒಂದಿಷ್ಟು ಆಗುವ ಆರ್4 ಹಾಕಿಸಿಕೊಂಡವರು ಕೆಂಪು ಕೆಸರಿನಲ್ಲಿ ಅದು ಗಿಲಾವು ಮೆತ್ತಿಕೊಂಡು ಉಂಡೆಯಾಗುತ್ತದೆ ಅನ್ನುವುದಕ್ಕೆ ಸಿದ್ಧರಿರಲಿ. ಶೆಡ್ಡಿನ ಬಾಗಿಲಿನ ಎತ್ತರವನ್ನೂ ಅಳೆದುಕೊಳ್ಳಿ. ಇಲ್ಲಿಯ ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ 7 ಅಡಿ, ಸೀಟಿನ ಹಿಂದಿನ ರಕ್ಷಣಾ ಕಮಾನೂ ಹೆಚ್ಚು ಕಮ್ಮಿ ಅಷ್ಟೇ.

ಆ ಕಮಾನಿನ ಮಾತು ಬಂದರೆ ಊರಿನ ಮೇಲೆ ಸಿಟ್ಟು ಬರುತ್ತದೆ. ಗಾಡಿ ಪಲ್ಟಿಯಾದರೆ ಓಡಿಸುವವನು ಅಡಿಗೆ ಸಿಕ್ಕದಂತೆ ತಡೆಯುವ ಈ ಕಬ್ಬಿಣದ ಚೌಕಟ್ಟನ್ನು ಅಮೆರಿಕದ ತಯಾರಕರು 1985ರಿಂದ ಹೊಸ ಟ್ರ್ಯಾಕ್ಟರುಗಳಿಗೆ ತಾವಾಗಿಯೇ ಕೂರಿಸಿ ಕೊಡುತ್ತಿದ್ದಾರೆ. ಕಮಾನು ಎತ್ತಿದ್ದರೆ ಬೆಲ್ಟ್ ಕಟ್ಟಬೇಕು, ಕೊಂಬೆಯ ಕೆಳಗೆ ಹೋಗಲು ಮಡಚಿದ್ದರೆ ಬೆಲ್ಟ್ ಕಟ್ಟಬಾರದು. ಜಾನ್ ಡಿಯರ್ ಪುಣೆಯಲ್ಲಿ ಮಾಡಿ ಈ ದೇಶಕ್ಕೆ ಕಳಿಸುವ ಟ್ರ್ಯಾಕ್ಟರಿಗೆ ಕಮಾನು ಇರುತ್ತದೆ, ನಮ್ಮ ರಸ್ತೆಗಳಲ್ಲಿ ಓಡುವ ಹೆಚ್ಚಿನವಕ್ಕೆ ಇರುವುದಿಲ್ಲ. ಇರಬೇಕಾದ ಜಾಗದಲ್ಲಿ ಬಣ್ಣದ ಮೇಲ್ಛಾವಣಿ, ಎರಡು ಸ್ಪೀಕರ್, ಮಡ್‌ಗಾರ್ಡಿನ ಮೇಲೆ ಮೂರು ಜನ. ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವಚ ಮೊದಲ ವಾರವೇ ಗುಜರಿಗೆ. 540 ಆರ್‌ಪಿಎಂ ಅಂದರೆ ಸೆಕೆಂಡಿಗೆ 9 ಸುತ್ತು. ಎರಡೂವರೆ ಇಂಚು ದಪ್ಪದ ಶಾಫ್ಟ್ ಸೆಕೆಂಡಿಗೆ 6 ಅಡಿ ಬಟ್ಟೆ ಎಳೆದುಕೊಳ್ಳುತ್ತದೆ. ಎಂಟು ಮೊಳದ ಪಂಚೆಗೆ ಎರಡೇ ಸೆಕೆಂಡು ಸಾಕು, ಕಾಲನ್ನು ಬಿಟ್ಟು ಎಳೆಯುವ ವಿವೇಕ ಅದಕ್ಕಿಲ್ಲ. ಇಲ್ಲಿ ಪಿಟಿಒ ತಿರುಗುತ್ತಿರುವಾಗ ಸೀಟು ಬಿಟ್ಟೆದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. (ಆ ಸ್ವಿಚ್ಚಿಗೆ ತಂತಿ ಸುತ್ತಿ ಮೋಸ ಮಾಡುವ ಜಾಣರು ಇಲ್ಲೂ ಇದ್ದಾರೆ, ಅದು ಬೇರೆ ಮಾತು.)

ಈಗ ಭಾವನ 45ರ ಗಾಡಿಗೆ ಬರೋಣ. ಅಡಿಕೆ ನೆಟ್ಟಿರುವುದು 9 ಅಡಿಗೆ 9 ಅಡಿ. ಆರಡಿ ಅಗಲದ ಗಾಡಿ ಸಾಲಿನೊಳಗೆ ಹೇಗೋ ತೂರಬಹುದು, ತಿರುಗುವುದಕ್ಕೆ ಜಾಗವಿಲ್ಲ. ಬಸಿಗಾಲುವೆ ಇರುವ ಮಲೆನಾಡ ತೋಟವಾದರೆ ತೂರುವ ಮಾತೂ ಇಲ್ಲ. ಹಾಗಾಗಿ ಎಚ್‌ಪಿ ಬೇಲಿಯ ಹೊರಗೆ ನಿಂತಿದೆ, ಕೆಲಸ ಬೇಲಿಯ ಒಳಗೆ ಪವರ್ ಟಿಲ್ಲರ್ ನೂಕುವವನ ರಟ್ಟೆಯಲ್ಲಿ ನಡೆಯುತ್ತಿದೆ. ಚನ್ನಗಿರಿ ಕಡೆಯ ಬಯಲು ತೋಟಕ್ಕೆ ಬೇಕಾದ್ದು ನಾಲ್ಕಡಿಯೊಳಗಿನ ಗಾಡಿ. ಅದು ಭಾರತದಲ್ಲೇ ಸಿಗುತ್ತದೆ: ಮಹೀಂದ್ರ ಜೀವೋ 245, ಕುಬೋಟ ನಿಯೋಸ್ಟಾರ್ ಬಿ2441, ಬೆಂಗಳೂರಿನದೇ ಆದ ವಿಎಸ್‌ಟಿಯ ಸಣ್ಣವು, 2021ರಲ್ಲಿ ಬಂದ 11 ಎಚ್‌ಪಿಯ ಸ್ವರಾಜ್ ಕೋಡ್. ರೋಟವೇಟರಿನ ಆಳ ಹಿಡಿಯುವ ಪಟ್ಟಿ, ಸ್ಕಿಡ್, ಎರಡು ಮೂರು ಇಂಚಿನ ಆಳಕ್ಕೆ ಕಟ್ಟಬೇಕು, ಹೆಚ್ಚಾದರೆ ಮೇಲ್ಪದರದಲ್ಲೇ ಇರುವ ಅಡಿಕೆಯ ಉಣ್ಣುವ ಬೇರು ಕತ್ತರಿಸಿ ಹೋಗುತ್ತದೆ. ಆದರೆ ಎರಡೆಕರೆಯವನು 24 ತಂದರೆ ಬೀಗರೆದುರು ಏನಂತ ಹೇಳುವುದು? 45 ಅಂದರೆ ಒಂದು ತೂಕ. ಆ ತೂಕಕ್ಕೆ ಬ್ಯಾಂಕಿನಲ್ಲಿ ಪಹಣಿ ಕೂತಿರುತ್ತದೆ.

ಇಷ್ಟು ಬೈದ ಮೇಲೆ ಒಪ್ಪಿಕೊಳ್ಳಬೇಕಾದ್ದೂ ಇದೆ. ಉಳುವುದು ಅಂತ ಬಂದರೆ ಇಲ್ಲಿಯ ಪುಟ್ಟ ಗಾಡಿಗಳು ಪೆದ್ದು. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕಾಗ ತಾನಾಗಿ ತುಸು ಮೇಲೆತ್ತಿಕೊಳ್ಳುವ ಡ್ರಾಫ್ಟ್ ಕಂಟ್ರೋಲ್ ಇವುಗಳಲ್ಲಿ ಹಲವಕ್ಕೆ ಇಲ್ಲ, ನಮ್ಮಲ್ಲಿ 24 ಎಚ್‌ಪಿಯದಕ್ಕೂ ಇರುತ್ತದೆ. ಮಸಿ ಫಿಲ್ಟರಿನ ಕಾಟವೂ ಭಾವನಿಗಿಲ್ಲ. ಭಾರತದಲ್ಲಿ 2023ರ ಜನವರಿಯಿಂದ ಬಂದ ಬಿಗಿ ನಿಯಮ 50 ಎಚ್‌ಪಿ ಮೇಲಿನವಕ್ಕೆ ಮಾತ್ರ. ಕೆಟ್ಟರೆ ಶಿರಾಳಕೊಪ್ಪದಿಂದ ಒಬ್ಬ ಬೈಕಿನಲ್ಲಿ ಬಂದು, ಹುಣಸೆ ಮರದ ಕೆಳಗೆ ಹೈಡ್ರಾಲಿಕ್ ಪಂಪ್ ಬಿಚ್ಚಿ, ಸೀಲ್ ಬದಲಿಸಿ, ಕಾಫಿ ಕುಡಿದು ಹೋಗುತ್ತಾನೆ. ಇಲ್ಲಿ ಡೀಲರ್ ಬಂದು ಟ್ರೇಲರಿನಲ್ಲಿ ಹೊತ್ತೊಯ್ದರೆ ಸಾಗಾಣಿಕೆಯದೇ ಒಂದು ಬಿಲ್ಲು, ಬೇಸಗೆಯಲ್ಲಾದರೆ ಮೂರು ವಾರದ ಸರದಿ. ಜಪಾನಿನಿಂದ ಹಳೆಯದಾಗಿ ಬಂದ ಅಗ್ಗದ ಗಾಡಿ ಕೊಂಡವರ ಪಾಡಂತೂ ಬಿಡಿಭಾಗಕ್ಕಾಗಿ ಊರೂರು ಅಲೆದಾಟ.

ಇನ್ನೊಂದು ಲೆಕ್ಕ ಭಾವನಿಗೆ ಹೇಳುವ ಧೈರ್ಯ ಬಂದಿಲ್ಲ. ಇಲ್ಲಿ ಗಾಡಿ ವರ್ಷಕ್ಕೆ ಓಡುವುದು ನಲವತ್ತು ಐವತ್ತು ಗಂಟೆ. 50ನೇ ಗಂಟೆಗೆ ಮಾಡಿಸಬೇಕಾದ ಮೊದಲ ಆಯಿಲ್, ಫಿಲ್ಟರ್ ಬದಲಾವಣೆಗೇ ಒಂದು ವರ್ಷ ಹಿಡಿಯುತ್ತದೆ. ಬೀದಿಯ ಆರು ಮನೆಗೆ ಆರು ಟ್ರ್ಯಾಕ್ಟರ್, ಆರು ಕಟರ್. ಒಂದನ್ನು ಆರು ಮನೆ ಹಂಚಿಕೊಳ್ಳುವುದು ಯಾರಿಗೂ ಹೊಳೆದಿಲ್ಲ. ಊರಲ್ಲಿ ಗಾಡಿಯಿಲ್ಲದವನಿಗೆ 2014ರಿಂದ ಕೃಷಿ ಯಂತ್ರಧಾರೆ ಇದೆ, ಗಂಟೆಗಿಷ್ಟು ಅಂತ ಬಾಡಿಗೆಗೆ ತರಬಹುದು. ಭಾವನ 45 ತನ್ನ ತೋಟಕ್ಕೆ ಇಳಿಯದಿದ್ದರೂ ಮಂದಿಯ ಗೊಬ್ಬರ, ಮಣ್ಣು, ಸೋಗೆ ಹೊತ್ತು ಕಂತು ಕಟ್ಟಿಕೊಂಡಿದೆ.

ಡಿಸೆಂಬರಿನಲ್ಲಿ ಇಲ್ಲಿಯದು ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿಕೊಂಡು, ವೈರು ಕಡಿಯುವ ಇಲಿಗಳಿಗೆ ಬೋನು ಇಡಿಸಿಕೊಂಡು ಶೆಡ್ಡಿನಲ್ಲಿ ನಿಂತಿರುತ್ತದೆ. ಊರಲ್ಲಿ ಅದು ಕೊನೆಕೊಯ್ಲಿನ ಹೊತ್ತು. ಟ್ರೇಲರಿನ ತುಂಬ ಹಸಿ ಅಡಿಕೆ ಕೊನೆ, ಅದರ ಮೇಲೆ ನಾಲ್ಕು ಜನ, ಸ್ಪೀಕರಿನಲ್ಲಿ ಹಾಡು. ಗುಂಪಿಗೆ ಬಂದ ಆ ವಿಡಿಯೊದಲ್ಲೂ ಪಿಟಿಒಗೆ ಕವಚ ಇರಲಿಲ್ಲ.