ಅರ್ಧ ಗಂಟೆ ಬೋಟಿಂಗಿಗೆ ಮುನ್ನೂರು ಕಿಲೋಮೀಟರ್ ಚಿಂತೆ

ಪ್ರವಾಸಿ ಬೋಟುಗಳ ಪೆಟ್ರೋಲ್ ಇಂಜಿನ್ ತೆಗೆದು ಬ್ಯಾಟರಿ ಮೋಟಾರು ಹಾಕೋಣ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ಸುತ್ತ ನಿಂತ ನಾಲ್ವರಲ್ಲಿ ಮೂವರು ಒಟ್ಟಿಗೆ ಕೇಳುತ್ತಾರೆ: "ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಕೊಡುತ್ತೆ?" ನಾಲ್ಕನೆಯವರು ಏನೂ ಕೇಳುವುದಿಲ್ಲ. "ಇದೆಲ್ಲ ನಮ್ಮಲ್ಲಿ ಆಗಲ್ಲ ಬಿಡಿ" ಅಂತ ಅವರು ಆಗಲೇ ತೀರ್ಪು ಕೊಟ್ಟಾಗಿರುತ್ತದೆ.

ಕೇಳುವವರು ಹೊರಟಿರುವುದು ಲಕ್ಷದ್ವೀಪಕ್ಕಲ್ಲ. ಅವರ ತಲೆಯ ಮೇಲೇ ಬೋರ್ಡ್ ಇದೆ: ಒಂದು ರೌಂಡ್, ಅರ್ಧ ಗಂಟೆ. ಜೆಟ್ಟಿಯಿಂದ ಹೊರಡಬೇಕು, ಹಿನ್ನೀರಿನ ನಡುಗಡ್ಡೆಗೆ ಒಂದು ಸುತ್ತು ಹಾಕಬೇಕು, ಸೆಲ್ಫಿಗೆ ಎರಡು ನಿಮಿಷ ನಿಲ್ಲಬೇಕು, ಮತ್ತೆ ಅದೇ ಜೆಟ್ಟಿಗೆ ಬರಬೇಕು. ಅಷ್ಟೇ. ದಡದಲ್ಲಿ ಕೂತ ಅಜ್ಜಿ ಕೂಗಿದರೆ ಬೋಟಿನಲ್ಲಿರುವ ಮೊಮ್ಮಗನಿಗೆ ಕೇಳಿಸುವಷ್ಟು ದೂರ. ಇಂಜಿನ್ ಬಂದ್ ಇದ್ದರೆ, ಅಂತ ಇಟ್ಟುಕೊಳ್ಳಿ. ಆದರೂ ನಡುನೀರಿನಲ್ಲಿ ಬ್ಯಾಟರಿ ಮುಗಿದರೆ ಏನು ಗತಿ ಅನ್ನುವ ಆತಂಕ. ಪೆಟ್ರೋಲ್ ಮುಗಿದರೆ ಏನು ಗತಿ ಅಂತ ಯಾರೂ ಕೇಳಿದ್ದನ್ನು ನಾನು ಕಾಣೆ. ಪೆಟ್ರೋಲಿನ ಮೇಲೆ ನಮಗಿರುವ ಭಕ್ತಿ ಅಂಥದ್ದು.

ಇದೇ ಮನುಷ್ಯ ಸ್ಕೂಟರ್ ಕೊಳ್ಳುವಾಗ ಲೀಟರಿಗೆ ಐವತ್ತು ಬರಲ್ಲ ಅಂದರೆ ಶೋರೂಮಿನಿಂದ ಎದ್ದು ಬರುವವನು. ಸ್ಪೀಡ್‌ಬೋಟ್ ಹತ್ತಿದ ಮೇಲೆ ಮಾತ್ರ ಲೆಕ್ಕ ಮರೆತುಹೋಗುತ್ತದೆ. 40 ಹಾರ್ಸ್‌ಪವರ್‌ನ ಔಟ್‌ಬೋರ್ಡ್ ಇಂಜಿನ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್, ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ. ಕಾರ್ಬುರೇಟರ್ ಇರುವ ಹಳೇ ಟೂ-ಸ್ಟ್ರೋಕ್ ಆದರೆ ಇನ್ನೂ ಜಾಸ್ತಿ. ಅದು ಕುಡಿದದ್ದನ್ನೆಲ್ಲ ಉರಿಸುವುದೂ ಇಲ್ಲ. ಹೆಚ್ಚುಕಡಿಮೆ ಕಾಲು ಭಾಗ ಪೆಟ್ರೋಲು, ಬೆರೆಸಿದ ಆಯಿಲ್ ಸಮೇತ, ಉರಿಯದೆ ಹಾಗೇ ಹೊರಗೆ ಬರುತ್ತದೆ. ಔಟ್‌ಬೋರ್ಡಿನ ಹೊಗೆ ಹೋಗುವುದು ನೀರಿನೊಳಕ್ಕೇ. ಹೊಗೆ ಕಣ್ಣಿಗೆ ಕಾಣಲ್ಲ, ಹಾಗಾಗಿ ಮಾಲಿನ್ಯವೂ ಇಲ್ಲ! ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪದರ ತೇಲಿದರೆ ಮಕ್ಕಳು "ಕಾಮನಬಿಲ್ಲು" ಅಂತ ಕೈ ತೋರಿಸುತ್ತವೆ. ಅಪ್ಪಂದಿರು ಫೋಟೋ ತೆಗೆಯುತ್ತಾರೆ.

ಹಾಗಂತ ಬ್ಯಾಟರಿಯವರು ಹೇಳುವುದೆಲ್ಲ ವೇದವಾಕ್ಯ ಅಂತಲ್ಲ. ಅವರ ಜಾಹೀರಾತಿನಲ್ಲಿ ಅತಿ ಹೆಚ್ಚು ವೇಗ ಮತ್ತು ಅತಿ ಹೆಚ್ಚು ದೂರ ಅಕ್ಕಪಕ್ಕ ಕೂತಿರುತ್ತವೆ, ಎರಡೂ ಒಂದೇ ದಿನ ಸಿಗುತ್ತವೇನೋ ಅನ್ನುವ ಹಾಗೆ. ಸಿಗಲ್ಲ. ನೀರಿನಲ್ಲಿ ವೇಗ ಎರಡು ಪಟ್ಟು ಮಾಡಿದರೆ ಬೇಕಾಗುವ ಶಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಅದೇ 40 ಹಾರ್ಸ್‌ಪವರ್ ಅಂದರೆ 30 ಕಿಲೋವ್ಯಾಟ್. ಆ ರಭಸದಲ್ಲಿ ಒಂದು ಗಂಟೆ ಓಡಿಸಬೇಕಾದರೆ ಹೆಚ್ಚುಕಡಿಮೆ ಎರಡು ಕ್ವಿಂಟಾಲ್ ಬ್ಯಾಟರಿ ಬೇಕು. ಪೆಟ್ರೋಲಾದರೆ ಒಂದು ಕ್ಯಾನು, ಒಂದು ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಆದ್ದರಿಂದ ನೀರು ಸೀಳಿಕೊಂಡು ಹಾರುವ ಬೋಟೇ ಬೇಕು, ಅದೂ ಗಂಟೆಗಟ್ಟಲೆ ಬೇಕು ಅನ್ನುವವರಿಗೆ ಸದ್ಯಕ್ಕೆ ಪೆಟ್ರೋಲೇ ಗತಿ. ಇದರಲ್ಲಿ ಮುಚ್ಚುಮರೆ ಏನಿಲ್ಲ.

ಆದರೆ ನಿಧಾನಕ್ಕೆ ಹೋಗುವ ಬೋಟಿನ ಕತೆಯೇ ಬೇರೆ. ಪಕ್ಕದ ಕೇರಳದ ವೈಕಂನಲ್ಲಿ 2017ರಿಂದ 'ಆದಿತ್ಯ' ಅನ್ನುವ ಸೋಲಾರ್ ಬೋಟು ಜನರನ್ನು ದಾಟಿಸುತ್ತಿದೆ. 75 ಜನ ಕೂರುತ್ತಾರೆ. ಅದಕ್ಕಿರುವುದು ತಲಾ 20 ಕಿಲೋವ್ಯಾಟ್‌ನ ಎರಡು ಮೋಟಾರು. ಅಂದರೆ 75 ಜನ ಕೆಲಸಕ್ಕೆ ಹೋಗಿಬರಲು 40 ಕಿಲೋವ್ಯಾಟ್ ಸಾಕು, ನಮ್ಮ ಸ್ಪೀಡ್‌ಬೋಟಿನಲ್ಲಿ ಐದು ಜನ ಕಿರುಚಿಕೊಂಡು ಬರಲು 30 ಕಿಲೋವ್ಯಾಟ್ ಬೇಕು.

ಇಷ್ಟು ಹೇಳಿದರೆ ಮುಂದಿನ ಆಕ್ಷೇಪಣೆ ಸಿದ್ಧ. "ನೀರಲ್ಲಿ ಕರೆಂಟ್ ಹೊಡೆಯಲ್ವಾ?" ಸಣ್ಣ ಮೋಟಾರುಗಳು ಓಡುವುದು 48 ವೋಲ್ಟ್ ಅಥವಾ ಅದಕ್ಕೂ ಕಡಿಮೆಯಲ್ಲಿ, ಮನೆಯ ಕರೆಂಟಿಗಿಂತ ಎಷ್ಟೋ ಕಡಿಮೆ. ಈ ಪ್ರಶ್ನೆ ಕೇಳುವವರ ಕಾಲ ಬುಡದಲ್ಲಿ ಮುಚ್ಚಳಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿದ ಪೆಟ್ರೋಲ್ ಕ್ಯಾನ್ ಇರುತ್ತದೆ. ಪಕ್ಕದ ಸೀಟಿನಲ್ಲಿ ಒಬ್ಬರು ಬೀಡಿ ಹಚ್ಚಿರುತ್ತಾರೆ. ಅದು ಅಪಾಯ ಅಲ್ಲ, ಅಭ್ಯಾಸ.

ಅಧಿಕಾರಿಗಳನ್ನು ಕೇಳಿದರೆ ಇನ್ನೂ ಗಂಭೀರ ಉತ್ತರ ಬರುತ್ತದೆ. ತಂತ್ರಜ್ಞಾನ ಹೊಸದಂತೆ, ಸ್ವಲ್ಪ ಪಳಗಲಿ ಅಂತೆ. 1881ರಲ್ಲಿ ಗುಸ್ತಾವ್ ಟ್ರೂವೆ ಅನ್ನುವವರು ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಬ್ಯಾಟರಿ ಬೋಟು ಓಡಿಸಿ ತೋರಿಸಿದರು. ಮೋಟಾರು ಚುಕ್ಕಾಣಿಯ ಮೇಲೇ ಕೂತಿತ್ತು, ಬೇಕೆಂದಾಗ ಬಿಚ್ಚಿಡಬಹುದಿತ್ತು. ಅಂದರೆ ಔಟ್‌ಬೋರ್ಡೇ. 1893ರ ಷಿಕಾಗೋ ಜಾಗತಿಕ ಮೇಳದಲ್ಲಿ ಐವತ್ತಕ್ಕೂ ಹೆಚ್ಚು ಎಲೆಕ್ಟ್ರಿಕ್ ಬೋಟುಗಳು ಜನರನ್ನು ಸುತ್ತಾಡಿಸಿದವು. ಪೆಟ್ರೋಲ್ ಔಟ್‌ಬೋರ್ಡನ್ನು ಮನೆಮಾತು ಮಾಡಿದ ಎವಿನ್‌ರೂಡ್ ಅಂಗಡಿ ತೆರೆದದ್ದು ಅದಾದ ಎಷ್ಟೋ ವರ್ಷದ ಮೇಲೆ. ತಾತ ಇನ್ನೂ ಮಗು, ಸ್ವಲ್ಪ ಬೆಳೆಯಲಿ ಅಂತ ಕಾಯುತ್ತಿದ್ದೇವೆ.

ಜರ್ಮನಿಯ ಬವೇರಿಯಾದಲ್ಲಿ ಕ್ಯೋನಿಗ್ಸ್‌ಝೇ ಅಂತ ಒಂದು ಸರೋವರ ಇದೆ. ಅಲ್ಲಿ ಪ್ರವಾಸಿಗರ ಬೋಟುಗಳು 1909ರಿಂದ ಬ್ಯಾಟರಿಯಲ್ಲೇ ಓಡುತ್ತಿವೆ. ನಡುವೆ ಒಂದು ಕಡೆ ಬೋಟು ನಿಲ್ಲಿಸಿ, ಸಿಬ್ಬಂದಿಯೊಬ್ಬರು ತುತ್ತೂರಿ ತೆಗೆದು ನಾಲ್ಕು ಸ್ವರ ಊದುತ್ತಾರೆ. ಎದುರಿನ ಬಂಡೆ ಅದನ್ನು ವಾಪಸ್ ಊದುತ್ತದೆ. ಆ ಪ್ರತಿಧ್ವನಿ ಕೇಳುವುದಕ್ಕೇ ಜನ ಟಿಕೆಟ್ ತಗೊಂಡು ಬರುತ್ತಾರೆ.

ನಮ್ಮಲ್ಲಿ ಪ್ರತಿಧ್ವನಿಗೆ ಅವಕಾಶ ಎಲ್ಲಿ? ಮೂಲ ಧ್ವನಿಯೇ ನಿಲ್ಲಲ್ಲ. "ಪಕ್ಷಿಗಳಿವೆ, ನಿಶ್ಶಬ್ದವಾಗಿರಿ" ಅನ್ನುವ ಫಲಕದ ಕೆಳಗೇ ಬೋಟಿನವರು ಹಗ್ಗ ಎಳೆಯುತ್ತಾರೆ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಇಂಜಿನ್ ಕೆಮ್ಮಿಕೊಂಡು ಏಳುತ್ತದೆ. ಆಮೇಲೆ ಪಕ್ಷಿ ಪರಿಚಯ ಶುರು.

"ಅಲ್ನೋಡಿ ಸಾರ್, ಮಿಂಚುಳ್ಳಿ!"

"ಏನು?"

"ಮಿಂಚುಳ್ಳಿ! ಮಿಂ-ಚು-ಳ್ಳಿ!"

"ಯಾವ ಹಳ್ಳಿ?"

ಅಷ್ಟರಲ್ಲಿ ಕೊಂಬೆ ಮಾತ್ರ ಉಳಿದಿರುತ್ತದೆ. ಕೊಂಬೆಯ ಫೋಟೋ ತೆಗೆದುಕೊಂಡು ಮುಂದಕ್ಕೆ ಹೋಗುತ್ತೇವೆ.

ರಂಗನತಿಟ್ಟಿನಲ್ಲಿ ಇವತ್ತಿಗೂ ಹುಟ್ಟು ಹಾಕುವ ದೋಣಿ ಇದೆ. ಬೋಟಿನವರು ಮೆಲ್ಲಗೆ ಮಾತಾಡಿದರೆ ಹಿಂದಿನ ಸೀಟಿಗೂ ಕೇಳುತ್ತದೆ, ಬಂಡೆಯ ಮೇಲಿನ ಮೊಸಳೆ ಬಾಯಿ ತೆರೆದುಕೊಂಡು ಮಲಗಿಯೇ ಇರುತ್ತದೆ. ಅಲ್ಲಿಂದ ಬಂದವರೊಬ್ಬರು "ಚೆನ್ನಾಗಿದೆ, ಆದ್ರೆ ಇಂಜಿನ್ ಇಲ್ಲ, ಥ್ರಿಲ್ ಇಲ್ಲ" ಅಂದರು. ಮೊಸಳೆ ಎದುರಿಗಿದ್ದರೂ ಥ್ರಿಲ್ ಇಲ್ಲ ಅನ್ನುವವರಿಗೆ ಏನು ಹೇಳುವುದು?

ಇನ್ನೊಂದು ತಮಾಷೆ ನೋಡಿ. ಪೆಟ್ರೋಲ್ ಬಿಡಿ, ಸೀಮೆಎಣ್ಣೆ ಬಿಡಿ ಅಂತ ನಾವು ಮೊದಲು ಬುದ್ಧಿ ಹೇಳಲು ಹೋಗುವುದು ಕರಾವಳಿಯ ನಾಡದೋಣಿಯವರಿಗೆ. ಬೆಳಗಿನ ಜಾವ ಹೊರಟು, ಬಲೆ ಭಾರ ಹೊತ್ತು, ಗಾಳಿ ಎದುರಿಗಿದ್ದರೂ ಮನೆ ಸೇರಬೇಕಾದವರು ಅವರು. ಎಷ್ಟು ದೂರ ಹೋಗಬೇಕಾಗುತ್ತದೆ ಅಂತ ಹೊರಡುವಾಗ ಅವರಿಗೇ ಗೊತ್ತಿರಲ್ಲ, ಅದು ಮೀನಿಗೆ ಬಿಟ್ಟದ್ದು. ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಅನ್ನುವ ಪ್ರಶ್ನೆ ನ್ಯಾಯವಾಗಿ ಕೇಳಬೇಕಾದವರು ಅವರೊಬ್ಬರೇ. ಅವರಿಗೆ ಹೋಟೆಲ್ ಹಾಲಿನಲ್ಲಿ ಕಾರ್ಯಾಗಾರ, ಮಧ್ಯಾಹ್ನ ಊಟ, ಒಂದು ಬ್ಯಾಗು. ಸಂಜೆ ಸಂಪನ್ಮೂಲ ವ್ಯಕ್ತಿಗಳು ಬೀಚಿಗೆ ಹೋಗಿ ಜೆಟ್ ಸ್ಕೀ ಹತ್ತುತ್ತಾರೆ.

ಕೊನೆಗೆ ಯಾರೋ ಪುಣ್ಯಾತ್ಮರು ಬ್ಯಾಟರಿ ಬೋಟು ತರಿಸಿಯೇ ಬಿಟ್ಟರು ಅಂತ ಇಟ್ಟುಕೊಳ್ಳಿ. ರಿಬ್ಬನ್ ಕತ್ತರಿಸಿದ್ದೂ ಆಯಿತು. ಜೆಟ್ಟಿಯಲ್ಲಿರುವುದು ಒಂದೇ ಪ್ಲಗ್ ಪಾಯಿಂಟು. ಅದರಲ್ಲಿ ಚಹಾದಂಗಡಿಯ ಫ್ರಿಜ್ಜಿದೆ. ಫ್ರಿಜ್ಜಿನ ವೈರಿನಿಂದ ಎಳೆದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಟಿಕೆಟ್ ಮಷಿನ್ನು, ಎರಡು ಮೊಬೈಲು, ಸೊಳ್ಳೆ ಬ್ಯಾಟು. ಐಸ್‌ಕ್ರೀಮ್ ಕರಗುತ್ತದೆ ಅಂತ ಚಹಾದಂಗಡಿಯವರು ಫ್ರಿಜ್ಜು ಬಿಡಿಸಲು ಬಿಡಲ್ಲ. ಬೋಟು ಒಂದು ಇಲಾಖೆಯದು, ಜೆಟ್ಟಿ ಇನ್ನೊಂದರದು, ನೀರು ಮತ್ತೊಂದರದು, ಕರೆಂಟು ನಾಲ್ಕನೆಯದರದು. ನಾಲ್ಕೂ ಸೇರಿ ಇನ್ನೊಂದು ಪ್ಲಗ್ ಹಾಕಿಸುವ ಹೊತ್ತಿಗೆ ಬೋಟಿನ ವಾರಂಟಿ ಮುಗಿದಿರುತ್ತದೆ. ಆಗ ಪತ್ರಿಕೆಗೆ ಹೇಳಿಕೆ: "ಎಲೆಕ್ಟ್ರಿಕ್ ಬೋಟ್ ಪ್ರಯೋಗ ವಿಫಲ."

ಆದ್ದರಿಂದ ಒಂದು ನಮ್ರ ಸಲಹೆ. ಜನರಿಗೆ ಬೇಕಾಗಿರುವುದು ಪೆಟ್ರೋಲ್ ಅಲ್ಲ, ಸದ್ದು. ಮೋಟಾರು ಬ್ಯಾಟರಿಯದ್ದೇ ಇರಲಿ. ಹಿಂದೆ ಒಂದು ದೊಡ್ಡ ಸ್ಪೀಕರ್ ಕಟ್ಟಿ, ಹಳೇ ಟೂ-ಸ್ಟ್ರೋಕ್ ಇಂಜಿನ್ನಿನ ರೆಕಾರ್ಡಿಂಗ್ ಹಾಕಿ. ಎಳೆಯಲು ಒಂದು ಹಗ್ಗವೂ ಇರಲಿ. ಮೂರನೇ ಎಳೆತಕ್ಕೇ ಶುರುವಾಗಬೇಕು, ಮೊದಲನೆಯದಕ್ಕೇ ಆದರೆ ಯಾರೂ ನಂಬಲ್ಲ. ಹೊಗೆಗೆ ಮದುವೆ ಮನೆಯ ಫಾಗ್ ಮಷಿನ್ ಬಾಡಿಗೆಗೆ ಸಿಗುತ್ತದೆ. ಸದ್ದು ಬೇಡ ಅನ್ನುವವರು ಯಾರಾದರೂ ಇದ್ದರೆ ಅವರಿಗೂ ಅನ್ಯಾಯ ಆಗಬಾರದು. ಬೆಳಿಗ್ಗೆ ಹತ್ತಕ್ಕೆ ಮೊದಲು ಆಧಾರ್ ಜೆರಾಕ್ಸ್ ಮತ್ತು ಎರಡು ಫೋಟೋ ಸಮೇತ ಕೌಂಟರಿನಲ್ಲಿ ಅರ್ಜಿ ಕೊಡಲಿ.