ಸಕ್ಕರೆ ಕಾಯಿಲೆ ಅಂದಾಗ ಒಲೆಯನ್ನೂ ಕೇಳಿ

ಜಾರ್ಖಂಡ್‌ನ ಧನಬಾದ್‌ಗೆ ಬಂದು 14 ವರ್ಷ ಆಯಿತು. ಕಲ್ಲಿದ್ದಲಿನ ಊರು. ಬೆಳಗ್ಗೆ ಐದೂವರೆಗೆ ನಮ್ಮ ಗಲ್ಲಿಯ ಹೆಂಗಸರು ಒಲೆಯನ್ನು ಬಾಗಿಲ ಹೊರಗೆ ತಂದಿಡುತ್ತಾರೆ. ತಗಡಿನ ಬಕೆಟ್ಟಿಗೆ ಒಳಗಡೆ ಮಣ್ಣು ಮೆತ್ತಿ ಮಾಡಿದ ಒಲೆ ಅದು. ಬೆಂಕಿ ಹಚ್ಚಿ ಬೇರೆ ಕೆಲಸಕ್ಕೆ ಹೋಗುತ್ತಾರೆ. ಗಲ್ಲಿ ತುಂಬ ಹೊಗೆ. ಕೆಂಡ ಕೆಂಪಾದ ಮೇಲೆ ಹಿಡಿಕೆ ಹಿಡಿದು ಒಳಗೆ ಒಯ್ಯುತ್ತಾರೆ. ಕೆಂಪು ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹಾಗಾಗಿ ಇದನ್ನು ಒಳ್ಳೆ ಪದ್ಧತಿ ಅನ್ನಲಾರೆ. ಆದರೂ ದಟ್ಟ ಹೊಗೆ ಏಳುವ ಹೊತ್ತಿನಲ್ಲಿ ಅದರ ಮುಂದೆ ಯಾರೂ ಕೂರುವುದಿಲ್ಲ.

ನಮ್ಮ ಸಾಗರದ ಕಡೆ ಒಲೆ ಇದ್ದಲ್ಲಿಂದ ಕದಲುವುದಿಲ್ಲ. ಉರಿ ಹಿಡಿಯುವವರೆಗೆ ಹೆಂಗಸರೂ ಅದರ ಮುಂದಿನಿಂದ ಏಳುವ ಹಾಗಿಲ್ಲ. ಅಡುಗೆಮನೆಗೆ ಗ್ಯಾಸ್ ಬಂತು, ಹೊಗೆಯ ಕಾಟ ತಪ್ಪಿತು ಅಂತ ನಾವೆಲ್ಲ ಅಂದುಕೊಂಡೆವು. ಕಾಟ ತಪ್ಪಿಲ್ಲ, ಬಚ್ಚಲಿಗೆ ಹೋಗಿ ಕೂತಿದೆ. ಮನೆಮಂದಿಗೆಲ್ಲ ಹಂಡೆ ನೀರು ಕಾಯಬೇಕಲ್ಲ.

ಕಳೆದ ಮಳೆಗಾಲ ಊರಿಗೆ ಹೋದಾಗ ಅತ್ತಿಗೆಯ ಪಕ್ಕ ಕೂತು ನೋಡಿದೆ. ಸೌದೆ ಹಸಿ, ಅಡಿಕೆ ಸಿಪ್ಪೆಯೂ ತೇವ. ಊದುಗೊಳವೆ ಹಿಡಿದು ಬಗ್ಗಿದರು. ಊದಬೇಕಾದರೆ ಮೊದಲು ಉಸಿರು ಎಳೆದುಕೊಳ್ಳಬೇಕು, ಅಲ್ವಾ? ಒಲೆ ಬಾಯಿಂದ ಒಂದು ಮೊಳ ದೂರದಲ್ಲಿ ಎಳೆದ ಉಸಿರು ಅದು. ಬೆಂಕಿ ಹತ್ತುವಷ್ಟರಲ್ಲಿ ಹನ್ನೊಂದು ಸಲ ಊದಿದರು. ಕಣ್ಣೊರೆಸಿಕೊಂಡು, "ಇದೆಲ್ಲ ಅಭ್ಯಾಸ ಆಗಿದೆ, ನೀನು ಆಚೆ ಹೋಗು" ಅಂದರು.

ಅವರಿಗೆ 46ನೇ ವಯಸ್ಸಿಗೇ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ತೆಳ್ಳಗಿನ ಮೈ, ದಿನವಿಡೀ ತೋಟದ ಕೆಲಸ. ಸಿಹಿ ಜಾಸ್ತಿ ತಿನ್ನುತ್ತೀರಾ, ಅನ್ನ ಎಷ್ಟು ಉಣ್ಣುತ್ತೀರಿ ಅಂತ ಡಾಕ್ಟರು ಕೇಳಿದರಂತೆ. ಒಲೆಯ ಸುದ್ದಿ ಎತ್ತಲಿಲ್ಲ. ಅಣ್ಣ ಹೋದರೆ ಬೀಡಿ ಸೇದುತ್ತೀರಾ ಅಂತ ಮೊದಲೇ ಕೇಳುತ್ತಾರೆ.

ಅತ್ತಿಗೆಯ ಕಾಯಿಲೆ ಹೊಗೆಯಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಕಾರಣಗಳು ಬೇರೆಯೂ ಇರುತ್ತವೆ. ಆದರೆ ಹೊಗೆ ಕಣ್ಣು, ಶ್ವಾಸಕೋಶದಲ್ಲೇ ನಿಲ್ಲುವುದಿಲ್ಲ. ಪಿಎಂ 2.5 ಅನ್ನುವ ಕಣ ಕೂದಲಿನ ದಪ್ಪದ ಮೂವತ್ತನೇ ಒಂದು ಪಾಲಿನಷ್ಟು. ಅದು ಶ್ವಾಸಕೋಶದ ತಳ ಮುಟ್ಟಿದರೆ ಮೈಯಲ್ಲೆಲ್ಲ ಸಣ್ಣಗೆ ಉರಿಯೂತ ಶುರುವಾಗುತ್ತದೆ. ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೇ ಹೋಗಬಹುದು, ರಕ್ತನಾಳ ಬಿಗಿಯಬಹುದು. ಹೊರಗಿನ ಗಾಳಿಯ ಬಗ್ಗೆ ಇದಕ್ಕೆ ಗಟ್ಟಿ ಪುರಾವೆ ಇದೆ. ಮನೆಯೊಲೆಯ ವಿಷಯದಲ್ಲಿ ಎಲ್ಲ ಅಧ್ಯಯನಗಳೂ ಒಂದೇ ಉತ್ತರ ಕೊಟ್ಟಿಲ್ಲ. ಅದಕ್ಕೇ ಕೇಳಬೇಕು ಅನ್ನುತ್ತೇನೆ. 24 ಗಂಟೆಯ ಸರಾಸರಿಯಲ್ಲಿ ಪಿಎಂ 2.5 ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೌದೆ ಒಲೆ ಉರಿಯುವ ಕೋಣೆಯಲ್ಲಿ ಅದು ನೂರುಗಟ್ಟಲೆ ಏರುತ್ತದೆ.

ಲೆಕ್ಕದಲ್ಲೂ ಇದು ಕಾಣುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 43 ಮನೆಗಳಲ್ಲಿ ಮಾತ್ರ ಅಡುಗೆಗೆ ಶುದ್ಧ ಇಂಧನ. ಧನಬಾದ್‌ನ ಬಕೆಟ್ ಒಲೆ ಶುದ್ಧವಲ್ಲದ ಇಂಧನದ ಸಾಲಿಗೆ ಸೇರುತ್ತದೆ. ಅತ್ತಿಗೆಯ ಮನೆ ಮಾತ್ರ ಶುದ್ಧ ಅನ್ನಿಸಿಕೊಂಡುಬಿಡುತ್ತದೆ, ಬಚ್ಚಲಲ್ಲಿ ಏನು ಉರಿಯುತ್ತದೆ ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮಲ್ಲಿ ದಾರಿ ಇಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲೇ ಹೊಗೆಕೊಳವೆ ಇರುವ ಅಸ್ತ್ರ ಒಲೆ ಮಾಡಿಕೊಟ್ಟರು. ಬೇಸಿಗೆಯಲ್ಲಿ ಬಿಸಿಲಿನಿಂದಲೇ ನೀರು ಕಾಯಿಸಬಹುದು. ಮಲೆನಾಡಿನ ಮಳೆಯಲ್ಲಿ ಸೋಲಾರ್ ನಂಬುವಂತಿಲ್ಲ, ಆಗ ಹೊಗೆಕೊಳವೆ ಬೇಕೇ ಬೇಕು, ತಿಂಗಳಿಗೊಮ್ಮೆ ಅದರ ಮಸಿ ತೆಗೆಯಬೇಕು. ಆ ಕೆಲಸವನ್ನೂ ಅತ್ತಿಗೆಯ ತಲೆಗೇ ಕಟ್ಟಬೇಡ ಅಂತ ಅಣ್ಣನಿಗೆ ಹೇಳಿದ್ದೇನೆ.

ಮುಂದಿನ ತಿಂಗಳು ಅವರಿಗೆ ಮತ್ತೆ ತಪಾಸಣೆ. ಡಾಕ್ಟರಿಗೆ ತೋರಿಸಲು ಹಳೆ ಚೀಟಿಯ ಹಿಂದೆ ಬರೆದುಕೊಟ್ಟು ಬಂದೆ: "ಬಚ್ಚಲೊಲೆ, ಸೌದೆ ಮತ್ತು ಅಡಿಕೆ ಸಿಪ್ಪೆ, ದಿನಕ್ಕೆ ಎರಡು ಗಂಟೆ, 24 ವರ್ಷದಿಂದ."